ದೊಣೆಗೆ ಬಿಟ್ಟ ಮೀನು

ಚನ್ನರಾಯನದುರ್ಗದ ಬೆಟ್ಟದ ಮೇಲೆ ಬಂಡೆಯ ಗುಳಿಗಳಲ್ಲಿ ಮಳೆನೀರು ನಿಲ್ಲುತ್ತದೆ. ದೊಣೆ ಅನ್ನುತ್ತೇವೆ. ಕತ್ತಾಳೆ ಪೊದೆಯ ಹಿಂದಿನ ಒಂದು ಸಣ್ಣ ದೊಣೆಯನ್ನು ಸೌದೆಗೆ ಹೋದಾಗ ನನ್ನ ಅಕ್ಕ ಕಂಡಿದ್ದಳು. ಬೇಸಿಗೆಯಲ್ಲಿ ಅದು ಒಣಗಿ ಧೂಳಾಗುತ್ತಿತ್ತು. ಮಳೆ ಬಿದ್ದರೆ ಎಲ್ಲಿಂದಲೋ ಉಗುರುದ್ದದ ಗಾಜಿನಂಥ ಜೀವಗಳು ಹುಟ್ಟಿ, ಅಂಗಾತ ಮಲಗಿ ಈಜುತ್ತಿದ್ದವು. ಅಕ್ಕ ಆ ನೀರಿಗೆ ಕೈ ಅದ್ದುತ್ತಿರಲಿಲ್ಲ, ನನ್ನನ್ನೂ ದೂರ ಕೂರಿಸುತ್ತಿದ್ದಳು.

"ನಮ್ ಕೈಯಾಗೆ ಏನೈತೋ, ಅವಕ್ಕೆ ಆಗ್ತದೋ ಇಲ್ವೋ."

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆ ಹುಳಗಳಿಗಿಂತ ಮೀನು ಚೆಂದ ಅನ್ನಿಸಿತು. ಅಕ್ಕ ಚಳಿಜ್ವರ ಬಂದು ಮಲಗಿದ್ದಾಗ ಕೆರೆಯಿಂದ ಚೊಂಬಿನಲ್ಲಿ ಮರಿಮೀನು ಹಿಡಿದು ತಂದು ದೊಣೆಗೆ ಬಿಟ್ಟೆ. ಅವು ಹುಳಗಳನ್ನೆಲ್ಲ ತಿಂದವು. ಅಕ್ಕ ಎದ್ದು ಓಡಾಡುವಷ್ಟರಲ್ಲಿ ನೀರು ಬತ್ತಿ, ಮೀನುಗಳನ್ನು ಕಾಗೆಗಳು ಮುಗಿಸಿದ್ದವು. ಮುಂದಿನ ವರ್ಷ ದೊಣೆ ತುಂಬಿತು. ನೀರು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

ಅಕ್ಕನ ಅನುಮಾನ ಮೇಕೆ ಕಾಯುವ ಮುದುಕನ ಮೇಲೆ ಹೋಯಿತು. ಮೇಕೆ ಇಳಿಸಿ ತುಳಿಸಿದ್ದಾನೆ ಎಂದಳು. ಅವನು ಮೇಕೆಯ ತಲೆ ಮುಟ್ಟಿ ಆಣೆ ಇಟ್ಟರೂ ನಂಬಲಿಲ್ಲ, ಅವನ ಮನೆಯವರ ಜೊತೆ ಮಾತೇ ಬಿಟ್ಟಳು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಚಂದ್ರನ ಮೇಲೆ ಮನುಷ್ಯರು ಇಳಿದ ವರ್ಷ ಪಂಚಾಯಿತಿ ರೇಡಿಯೋ ಮುಂದೆ ಊರೇ ಸೇರುತ್ತಿತ್ತು. ಹಿಂದಿರುಗಿದವರನ್ನು ಕೋಣೆಯಲ್ಲಿ ಕೂಡಿಹಾಕಿದ್ದಾರೆ, ಅಲ್ಲಿಂದ ರೋಗ ತಂದಿದ್ದರೆ ಹರಡಬಾರದಲ್ಲ ಎಂದು ಸುದ್ದಿ ಬಂತು.

ಅಕ್ಕ ಕೇಳಿದಳು: "ಹೋಗುವಾಗ ಕಾಲು ತೊಳ್ಕಂಡು ಹೋದ್ರಂತಾ?"

ಎಲ್ಲರೂ ನಕ್ಕರು. ಅಂಗಡಿಯವನು, "ಅಲ್ಲಿ ಬರೀ ಧೂಳು ಕಣಮ್ಮ, ಏನೂ ಇಲ್ವಂತೆ," ಎಂದ.

"ಧೂಳು ಅಂದ್ರೆ ಏನೂ ಇಲ್ಲ ಅಂತಾನಾ? ಅಲ್ಲಿಂದ ಬರೋ ರೋಗಕ್ಕೆ ಬಾಗ್ಲು ಹಾಕವ್ರೆ. ಇಲ್ಲಿಂದ ಹೋದದ್ದನ್ನ ಯಾರು ತಡದ್ರು?"

ಮನೆಗೆ ಬರುವಾಗ ಅವಳು ಚಂದ್ರನನ್ನೇ ನೋಡುತ್ತ ನಡೆಯುತ್ತಿದ್ದಳು. ಸಮಾಧಾನ ಮಾಡೋಣವೆಂದು ನಾನೇ ಬಾಯಿ ಬಿಟ್ಟೆ: "ಅಲ್ಲಿ ನೀರೇ ಇಲ್ವಂತೆ ಬುಡಕ್ಕಾ. ಮೀನು ಬಿಟ್ರೂ ಬದುಕಲ್ಲ."

ಅಕ್ಕ ನಿಂತಳು.

"ಮೀನಿನ ಮಾತು ಯಾರೆತ್ತಿದ್ರಲಾ?"

"ಸುಮ್ಕೆ ಅಂದೆ."

ಅವಳು ನನ್ನ ಮುಖವನ್ನೇ ನೋಡಿದಳು, ಮತ್ತೆ ಕೇಳಲಿಲ್ಲ. ಮಾರನೆ ಬೆಳಗ್ಗೆ ಒಂದು ತಂಬಿಗೆ ಮಜ್ಜಿಗೆ ಹಿಡಿದು ಮುದುಕನ ಮನೆಗೆ ಹೋದಳು. ಅಲ್ಲಿ ಏನು ಹೇಳಿದಳೋ ಗೊತ್ತಿಲ್ಲ; ಅಂದಿನಿಂದ ಮುದುಕ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಅಕ್ಕ ಆಮೇಲೂ ಬೆಟ್ಟಕ್ಕೆ ಹೋಗುತ್ತಿದ್ದಳು. ದೊಣೆಯಲ್ಲಿ ಏನು ಕಂಡೆ ಎಂದು ಕೇಳಿದರೆ, "ಸೌದೆ," ಎನ್ನುತ್ತಿದ್ದಳು. ಮೀನು ಬಿಟ್ಟವನು ನಾನೇ ಎಂದು ಅವಳಿರುವವರೆಗೂ ನಾನು ಹೇಳಲಿಲ್ಲ.