ಲೈನಿಂಗ್ ಬಟ್ಟೆಯ ಮೇಲಿನ ಬೆನ್ನುಗಳು

ಆ ಮಂಗಳವಾರ ಅಕ್ಕ ಎಂದಿನಂತೆ ಕಿಟಕಿಗೆ ಹಳೆಯ ಕಂಬಳಿ ಕಟ್ಟಿಸಿ, ಗೋಡೆಗೆ ಬಿಳಿ ಲೈನಿಂಗ್ ಬಟ್ಟೆ ಇಳಿಬಿಟ್ಟು, ಪ್ರೊಜೆಕ್ಟರ್ ಹಚ್ಚಿದಳು. ಬಟ್ಟೆಯ ತುಂಬ ಒಬ್ಬ ಹೆಂಗಸಿನ ಬೆನ್ನು ಬಂತು. ಸಂತೇಬೆನ್ನೂರಿನ ನಮ್ಮ ನಡುಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದ ಹುಡುಗಿಯರು ಕತ್ತು ಎತ್ತಿದರು.

"ನೋಡ್ರೇ, ರವಿಕೆ ಕೊರಳು ಒಂದು ಬೆರಳು ಓರೆ ಐತೆ. ಯಾರು ಹೊಲ್ದಿದ್ದು ಹೇಳ್ರಿ?"

ಹುಡುಗಿಯರು ತಂತಮ್ಮ ಹೊಲಿಗೆಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು. ಅಕ್ಕನೇ ನಕ್ಕಳು:

"ನಾನೇ! ಹೆದ್ರಬ್ಯಾಡ್ರಿ, ಆಯಮ್ಮ ಇನ್ನೂ ಅದನ್ನೇ ಹಾಕ್ಕಂತಾಳೆ."

ಮರುದಿನ ಸವಳಂಗಕ್ಕೆ ಹೊರಟ ಬಸ್ಸಿನಲ್ಲಿ ಅಕ್ಕ ಎದೆ ಹಿಡಿದುಕೊಂಡು ಕುಸಿದಳು. ಮತ್ತೆ ಏಳಲಿಲ್ಲ.

ಅವಳು ಹೊಲಿದ ರವಿಕೆ ತೊಟ್ಟವರು ಅವಳ ಪುಟ್ಟ ಡಿಜಿಟಲ್ ಕ್ಯಾಮೆರಾಕ್ಕೆ ಬೆನ್ನು ತೋರಿಸಿಯೇ ನಮ್ಮ ಹೊಸಿಲು ದಾಟಬೇಕಿತ್ತು. ಮುಖ ಯಾಕೆ ಬೇಡ ಎಂದು ಒಮ್ಮೆ ಕೇಳಿದ್ದೆ. "ಮುಖ ಮುಲಾಜಿಗೆ ಚೆನ್ನಾಗೈತೆ ಅಂತದೆ ಕಣೆ. ಎಲ್ಲಿ ಎಳಿತದೆ ಅಂತ ಬೆನ್ನೇ ಹೇಳ್ಬೇಕು" ಎಂದಿದ್ದಳು. ನಾನೋ ಒಂದು ಗುಂಡಿ ಹೊಲಿಯಲು ಎರಡು ಬೆರಳು ಚುಚ್ಚಿಕೊಳ್ಳುವವಳು. ಅವಳ ತರಗತಿಯಲ್ಲಿ ನನಗಿದ್ದ ಹುದ್ದೆ ಎಂದರೆ ಕಂಬಳಿ ಕಟ್ಟುವುದು.

ತಿಥಿಯ ಹಿಂದಿನ ದಿನ ನಮ್ಮ ಸೋದರಮಾವ ಚನ್ನಗಿರಿಯ ಸ್ಟುಡಿಯೋದಿಂದ ಕಟ್ಟು ಹಾಕಿಸಿದ ಫೋಟೋ ತಂದರು. ಮುಖ ಅಕ್ಕನ ಆಧಾರ್ ಕಾರ್ಡಿನದು. ಕೊರಳಿನಿಂದ ಕೆಳಗೆ ರೇಷ್ಮೆ ಸೀರೆ ಉಟ್ಟ ಇನ್ಯಾರೋ.

"ಭುಜ ಸೊಟ್ಟಗೈತೆ ಮಾವ," ಎಂದೆ.

"ಏನಂದೆ?"

"ಈ ರವಿಕೆದು. ಇದನ್ನ ಹಾಕ್ಕಂಡು ಅಕ್ಕ ಗೋಡೆ ಮ್ಯಾಲೆ ಕುಂದ್ರಲ್ಲ. ನಾಳೆ ಪ್ರೊಜೆಕ್ಟರ್ ಹಚ್ತೀನಿ. ಅವಳು ಮಾಡಿದ ಕೆಲ್ಸ ನೋಡ್ಲಿ ಜನ."

"ತಿಥಿ ಮನ್ಯಾಗೆ ಹೆಂಗಸ್ರ ಬೆನ್ನು ತೋರ್ಸಾಕೆ ಇದೇನು ಬಟ್ಟೆ ಅಂಗಡೀನಾ?"

"ಗಂಡಸ್ರು ಹೊರಗೆ ಕುಂದ್ರಿ. ಊಟಕ್ಕೆ ಕರೀತೀನಿ."

ಮಾವನೆದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಆ ಫೋಟೋವನ್ನು ಪೇಪರಿನಲ್ಲಿ ಸುತ್ತಿ ವಾಪಸ್ಸು ಕೊಟ್ಟೆ. ನೀವೇ ಹೇಳಿ, ಇಡೀ ಊರಿನವರ ಭುಜ ಸರಿಮಾಡಿದವಳಿಗೆ ಯಾರದೋ ಭುಜ ಅಂಟಿಸಿ ಹಾರ ಹಾಕುವುದೇ?

ಮರುದಿನ ಮಧ್ಯಾಹ್ನ ಕಿಟಕಿ ಮುಚ್ಚಿ ಪ್ರೊಜೆಕ್ಟರ್ ಹಚ್ಚಿದೆ. ಮೊದಲ ಬೆನ್ನಿಗೆ ಯಾರೋ ಮೂಗು ಮುರಿದರು. ಎರಡನೆಯದಕ್ಕೆ ಒಬ್ಬರು ಎದ್ದೇ ಹೋದರು. ನಾನು ನಿಲ್ಲಿಸಲಿಲ್ಲ. ನಾಲ್ಕನೆಯದು ಬಂದಾಗ ಪಕ್ಕದ ಮನೆಯ ಶಾಹಿದಾಬಿ ಕೂಗಿದರು:

"ಅಯ್ಯೋ, ಇದು ನಂದು! ಮಗಳ ಶಾದಿಗೆ ಹೊಲ್ಸಿದ್ದು."

"ನಿಂದೇ ಅಂತ ಹೆಂಗೆ ಹೇಳ್ತೀಯ?" ಹಿಂದಿನಿಂದ ಯಾರೋ ಕೇಳಿದರು.

"ಇಷ್ಟಗಲ ಬೆನ್ನು ಈ ಊರಾಗೆ ಇನ್ಯಾರ್ದೈತೆ ತೋರ್ಸು!"

ತಿಥಿಯ ಮನೆ ನಕ್ಕಿತು. ನಗುನಗುತ್ತಲೇ ಶಾಹಿದಾಬಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಒಬ್ಬೊಬ್ಬರೂ ತಮ್ಮ ಬೆನ್ನು ಹುಡುಕತೊಡಗಿದರು. "ತಡಿ, ಹಿಂದಕ್ಕೆ ಹೋಗು," "ಅದು ನಮ್ಮ ಓರಗಿತ್ತಿದು." ಬಾಗಿಲಾಚೆಯಿಂದ ಮಾವನ ದನಿ: "ಲೇ, ನಿಮ್ಮತ್ತೇದು ಬಂತಾ?"

ಮನೆಗೆ ಬಂದವರು ಈಗಲೂ ಖಾಲಿ ಗೋಡೆ ನೋಡಿ, ಅಕ್ಕನ ಒಂದು ಫೋಟೋನಾದರೂ ಹಾಕಬಾರದೇ ಅನ್ನುತ್ತಾರೆ. ನಾನು ವಾದಿಸುವುದಿಲ್ಲ. ಕೂರಿಸಿ ಪ್ರೊಜೆಕ್ಟರ್ ಹಚ್ಚುತ್ತೇನೆ. ಊರಿನ ಅರ್ಧ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು ನಿಲ್ಲುತ್ತಾರೆ.

ಕ್ಯಾಮೆರಾ ಯಾವಾಗಲೂ ಅವಳ ಕೈಯಲ್ಲೇ ಇರುತ್ತಿತ್ತು. ಅವಳ ಹಿಂದೆ ನಿಂತು ಒಂದು ಸಲ ಬಟನ್ ಒತ್ತಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಕ್ಕನ ಬೆನ್ನು ಅದರಲ್ಲಿಲ್ಲ.