ಅರವತ್ತೈದನೆಯ ಗೊಂಬೆ

"ನಿಮ್ಮ ಪಟ್ಟದ ರಾಜನಿಗಿಂತ ಇವನೇ ಚೆಂದ ಇದ್ದಾನೆ! ಯಾರಮ್ಮಾ ಇವನು?" ದಸರಾ ಗೊಂಬೆ ನೋಡಲು ನೈರೋಬಿಯ ನಮ್ಮ ಮನೆಗೆ ಬಂದಿದ್ದ ಪಕ್ಕದ ಮನೆಯ ಕಡ್ಜೊ ಆಂಟಿ, ಮೂರನೇ ಮೆಟ್ಟಿಲಿನಲ್ಲಿದ್ದ ಪುಟ್ಟ ಮಣ್ಣಿನ ಮುಖವನ್ನು ತೋರಿಸಿ ನಕ್ಕರು. ನನ್ನ ಪಟ್ಟಿಯಲ್ಲಿ ಅದು ಅರವತ್ತೈದನೆಯ ಗೊಂಬೆ.

ನಾನು ಹುಮ್ಮಸ್ಸಿನಿಂದ ಮೆಕ್ಸಿಕೊ ಪ್ರವಾಸದ ಕಥೆ ಹೇಳಿದೆ. ನಾವು ಹದಿನಾಲ್ಕು ಮಂದಿ ಪ್ರವಾಸಿಗರು, ಜಪೊಟೆಕ್ ಎಂಬ ಅಲ್ಲಿನ ಮೂಲನಿವಾಸಿಗಳ ಪುರಾತನ ನಗರದ ಅವಶೇಷ ನೋಡಲು ಹೋಗಿದ್ದೆವು. ಅಲ್ಲಿ ಒಂದು ಗೋರಿಯ ಪಕ್ಕದ ಮಣ್ಣಿನಲ್ಲಿ ಇದು ಕಂಡಿತು. ಗೈಡ್ ಅತ್ತ ತಿರುಗಿದಾಗ ಬ್ಯಾಗಿಗೆ ಹಾಕಿಕೊಂಡೆ.

ಆಂಟಿಯ ಮುಖದ ನಗು ಆರಿಹೋಯಿತು. "ಕೀನ್ಯಾ ಕರಾವಳಿಯ ನಮ್ಮೂರಲ್ಲಿ ಸತ್ತ ಹಿರಿಯರಿಗಾಗಿ ಮರದ ಕಂಬ ಕೆತ್ತಿ ನೆಡುತ್ತೇವೆ. ನಮ್ಮಜ್ಜನ ಕಂಬವನ್ನು ಯಾರೋ ಕಿತ್ತುಕೊಂಡು ಹೋದರು. ಈಗ ಅಜ್ಜ ಯಾರ ಮನೆಯಲ್ಲಿ ಗೊಂಬೆಯಾಗಿ ನಿಂತಿದ್ದಾರೋ" ಎಂದರು. ನಾನು ಕೊಟ್ಟ ಉಂಡೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು.

ಆ ಸಂಜೆಯೇ ಮುಖವನ್ನು ಮೆಟ್ಟಿಲಿನಿಂದ ಇಳಿಸಿದೆ. ಅದನ್ನು ಮರಳಿಸುವ ಬಗ್ಗೆ ಮೆಕ್ಸಿಕೊದ ವಸ್ತುಸಂಗ್ರಹಾಲಯಕ್ಕೆ ಬರೆದಿದ್ದೇನೆ. ಪ್ರವಾಸದ ದಿನಚರಿಯಲ್ಲಿ "ಸಿಕ್ಕಿದ್ದು: ಒಂದು" ಎಂದಿದ್ದದ್ದನ್ನು ಹೊಡೆದು, "ಕದ್ದದ್ದು: ಒಂದು" ಎಂದು ತಿದ್ದಿದ್ದೇನೆ. ಆಂಟಿಯ ಮನೆ ಬಾಗಿಲು ತಟ್ಟಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ.