ಮಂಜಿನ ಹೆಸರಿನ ದ್ರಾಕ್ಷಿ

ಗೋಥೆನ್‌ಬರ್ಗಿನ ಮೊದಲ ಚಳಿಗಾಲ ನನಗೆ ವಾಸನೆಯೇ ಇಲ್ಲದ ಕಾಲವಾಗಿ ನೆನಪಿದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನ ಗಂಡನಿಗೆ ಅಲ್ಲಿನ ಕಾರು ಕಂಪನಿಯಲ್ಲಿ ಬ್ರೇಕು ಪರೀಕ್ಷಿಸುವ ಕೆಲಸ. ನನಗೆ ಕೆಲಸವಿರಲಿಲ್ಲ. ಬೆಂಗಳೂರಿನಲ್ಲಿ ನಾನು ಊದುಬತ್ತಿ ತಯಾರಿಸುವ ಕಡೆ ಸುಗಂಧ ವಿಭಾಗದಲ್ಲಿದ್ದವಳು. ಬೆಳಗಿನಿಂದ ಸಂಜೆಯವರೆಗೆ ಎಣ್ಣೆಯಲ್ಲಿ ಅದ್ದಿದ ಕಾಗದದ ಪಟ್ಟಿಗಳನ್ನು ಮೂಗಿನ ಹತ್ತಿರ ಹಿಡಿದು, ಇದರಲ್ಲಿ ಮಲ್ಲಿಗೆ ಹೆಚ್ಚಾಯಿತು, ಇದರಲ್ಲಿ ಗಂಧ ಸಾಲದು ಎಂದು ಹೇಳುವುದೇ ನನ್ನ ಉದ್ಯೋಗ. ಇಲ್ಲಿ ಹಿಮ ಬಿದ್ದ ಮೇಲೆ ಬೀದಿ, ಟ್ರ್ಯಾಮು, ಅಂಗಡಿ ಎಲ್ಲವೂ ತೊಳೆದಿಟ್ಟ ಗಾಜಿನ ಹಾಗೆ ಇರುತ್ತಿದ್ದವು. ಸ್ವೀಡಿಷ್ ತರಗತಿ ಮುಗಿಸಿ ಮನೆಗೆ ನಡೆಯುವಾಗ ನಾನು ಯಾರದೋ ನಿದ್ದೆಯೊಳಗೆ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು.

ಭಾಷೆ ಬರಬೇಕಾದರೆ ಮಾತಾಡುವವರ ಜೊತೆ ಕೂರಬೇಕು ಎಂದು ನಮ್ಮ ಶಿಕ್ಷಕಿ ಹೇಳುತ್ತಲೇ ಇದ್ದರು. ಮುಂದಿನ ಶರತ್ಕಾಲದಲ್ಲಿ ಗ್ರಂಥಾಲಯದ ಫಲಕದ ಮೇಲೊಂದು ಚೀಟಿ ನೋಡಿದೆ. ಅದರಲ್ಲಿದ್ದ ಪದಗಳಲ್ಲಿ ನನಗೆ ಅರ್ಥವಾದದ್ದು ಮೂರೇ: ಶನಿವಾರ, ಮಧ್ಯಾಹ್ನ, ಸುವಾಸನೆ. ಆ ಮೂರನೆಯದರ ಆಸೆಗೆ ಹೋದೆ. ಹೋಗಿ ಕೂತ ಮೇಲೆ ತಿಳಿಯಿತು, ಅದು ಇಟಲಿಯ ಪಿಯೆಮೊಂಟೆ ಸೀಮೆಯ ವೈನುಗಳನ್ನು ಪರಿಚಯಿಸುವ ತರಗತಿ ಎಂದು.

ಪಾಠ ಹೇಳುತ್ತಿದ್ದವರು ಎಪ್ಪತ್ತು ದಾಟಿದ ಇಟಲಿಯ ಮುದುಕ. ಆ ಸೀಮೆಯ ಗುಡ್ಡದ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು, ಜೀವಮಾನವಿಡೀ ಬೇರಿಂಗ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸ್ವೀಡಿಷಿನಲ್ಲಿ ಎಲ್ಲರೂ ಎಲ್ಲರಿಗೂ ನೀನು. ಆದರೆ ನಾನು ಅವರ ಜೊತೆ ಮಾತಾಡುವಾಗೆಲ್ಲ ಮನಸ್ಸಿನಲ್ಲಿ ನೀವು ಎಂದೇ ಹೇಳಿಕೊಳ್ಳುತ್ತಿದ್ದೆ.

"ನಾನು ಕುಡಿಯಲ್ಲ," ಎಂದೆ ಮೊದಲ ದಿನವೇ, ಏಳಲು ತಯಾರಾಗಿ.

"ಮೂಗು ಕುಡಿಯಲ್ವಲ್ಲ, ಕೂತ್ಕೋ," ಎಂದರು ಅವರು, ಮತ್ತು ನನ್ನ ಮುಂದೊಂದು ಲೋಟ ಇಟ್ಟರು.

ಮನೆಗೆ ಬಂದು ಹೇಳಿದಾಗ ಗಂಡ ನಕ್ಕ. "ಅಲ್ಲ ಕಣೇ, ಸ್ವೀಡಿಷ್ ಇಂಪ್ರೂವ್ ಮಾಡ್ಕೋ ಅಂದ್ರೆ ವೈನ್ ಕ್ಲಾಸಿಗೆ ಸೇರ್ಕೊಂಡ್ಯಾ? ಅಮ್ಮನಿಗೆ ಏನಂತ ಹೇಳ್ತೀಯ?"

"ದ್ರಾಕ್ಷಿ ಬಗ್ಗೆ ಓದ್ತಿದೀನಿ ಅಂತೀನಿ," ಎಂದೆ. ಅದು ಸುಳ್ಳಾಗಿರಲಿಲ್ಲ.

ಅಲ್ಲಿ ಏಳೆಂಟು ಮಂದಿ ಇರುತ್ತಿದ್ದೆವು. ಮಧ್ಯಾಹ್ನವೇ ಕಿಟಕಿಯಾಚೆ ಕತ್ತಲೆ ಕವಿಯತೊಡಗುತ್ತಿತ್ತು. ಮೇಜಿನ ಮೇಲೆ ಮೇಣದಬತ್ತಿ, ನೀರು, ಉಪ್ಪಿಲ್ಲದ ಬಿಸ್ಕತ್ತು, ರುಚಿ ನೋಡಿ ಉಗುಳುವುದಕ್ಕೊಂದು ಪಾತ್ರೆ. ಮುದುಕ ಒಂದೊಂದು ವಾರ ಒಂದೊಂದು ದ್ರಾಕ್ಷಿಯನ್ನು ಹೊರಗೆ ತೆಗೆಯುತ್ತಿದ್ದರು, ನೆಂಟರನ್ನು ಪರಿಚಯಿಸುವ ಹಾಗೆ. ಆರ್ನೈಸ್ ಎನ್ನುವ ಬಿಳಿ ದ್ರಾಕ್ಷಿಗೆ ಅವರ ಸೀಮೆಯ ಮಾತಿನಲ್ಲಿ ತುಂಟ ಎಂದರ್ಥವಂತೆ. ಬೆಳೆಸುವುದು ಅಷ್ಟು ಕಷ್ಟ. ಬೆಲೆಬಾಳುವ ಕೆಂಪು ದ್ರಾಕ್ಷಿಯನ್ನು ಹಕ್ಕಿಗಳು ಬಿಟ್ಟು ಇದನ್ನು ತಿನ್ನಲಿ ಎಂದು ತೋಟದಲ್ಲಿ ನಡುನಡುವೆ ನೆಡುತ್ತಿದ್ದರಂತೆ. ಮೊಸ್ಕಾತೊ ದ್ರಾಕ್ಷಿಯ ವೈನು ಸಿಹಿ, ಹಗುರ, ಸಣ್ಣಗೆ ನೊರೆಯೇಳುವಂಥದ್ದು. ಅದರ ಲೋಟಕ್ಕೆ ಮೂಗು ತಂದಾಗ ನನಗೆ ಕಿತ್ತಳೆಯ ಹೂವು ಬಂತು, ಆಮೇಲೆ ಹಸಿ ಎಲೆ, ಆಮೇಲೆ ಬಿಸಿಲಿನಲ್ಲಿ ಒಣಗಿದ ಬಟ್ಟೆ. ಒಂದು ವರ್ಷದಿಂದ ಮುಚ್ಚಿದ್ದ ಕೋಣೆಯ ಕಿಟಕಿ ತೆರೆದಂತಾಯಿತು.

ದೊಲ್ಚೆತ್ತೊ ಸರದಿ ಬಂದದ್ದು ನವೆಂಬರಿನಲ್ಲಿ. ಆ ಹೆಸರಿಗೆ ಪುಟ್ಟ ಸಿಹಿ ಎಂದರ್ಥ, ಆದರೆ ವೈನಿನಲ್ಲಿ ಸಿಹಿ ಇರುವುದಿಲ್ಲ ಎಂದು ಅವರು ವಿವರಿಸಿದರು. ಒಂದು ಗುಟುಕು ಬಾಯಲ್ಲಾಡಿಸಿ, ಕಣ್ಣು ಮುಚ್ಚಿ, "ಕರಿ ಚೆರ್ರಿ, ಕೊನೆಗೆ ಕಹಿಬಾದಾಮಿ," ಎಂದರು. ನಾನು ಲೋಟ ಎತ್ತಿದೆ. ಚೆರ್ರಿ ಇರಲಿಲ್ಲ. ಒದ್ದೆ ರಟ್ಟು, ಬಹಳ ದಿನ ಮುಚ್ಚಿಟ್ಟ ನೆಲಮಾಳಿಗೆ. ಉಳಿದವರತ್ತ ನೋಡಿದೆ. ಒಬ್ಬಿಬ್ಬರು ಹುಬ್ಬು ಗಂಟಿಕ್ಕಿ ಲೋಟ ಕೆಳಗಿಟ್ಟಿದ್ದರು.

ಎಲ್ಲರೂ ಹೋದ ಮೇಲೆ ಲೋಟ ತೊಳೆಯಲು ನಿಂತೆ. ಅವರು ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ನನಗೆ ಗೊತ್ತಿದ್ದ ಸ್ವೀಡಿಷಿನಲ್ಲಿ ಮೆತ್ತಗೆ ಹೇಳುವುದು ಹೇಗೆಂದು ತಿಳಿಯದೆ ನೇರವಾಗಿಯೇ ಹೇಳಿದೆ. "ಆ ಬಾಟಲಿ ಕೆಟ್ಟಿತ್ತು."

ನಲ್ಲಿ ಹರಿಯುತ್ತಲೇ ಇತ್ತು. "ರಟ್ಟಿನ ವಾಸನೆ?" ಎಂದರು.

"ಹೌದು."

"ಬಿರಡೆಯ ದೋಷ. ಅದು ಯಾರಿಗಾದರೂ ಗೊತ್ತಾಗತ್ತೆ," ಎಂದು ನಲ್ಲಿ ನಿಲ್ಲಿಸಿದರು. ಆಮೇಲೆ ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಹೇಳಿದರು. ಹಿಂದಿನ ಚಳಿಗಾಲ ಟ್ರ್ಯಾಮಿನ ನಿಲ್ದಾಣದಲ್ಲಿ ಹಿಮಗಡ್ಡೆಯ ಮೇಲೆ ಕಾಲು ಜಾರಿ, ತಲೆಯ ಹಿಂಭಾಗ ನೆಲಕ್ಕೆ ಬಡಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಕಾಫಿ ಕಾಯಿಸಿದರೆ ಕಾಫಿಗೆ ವಾಸನೆ ಇಲ್ಲ. "ನಾಲಿಗೆ ನೆಟ್ಟಗಿದೆ. ಹುಳಿ, ಸಿಹಿ, ಕಹಿ, ಒಗರು ಎಲ್ಲ ಗೊತ್ತಾಗತ್ತೆ. ಬಾರ್ಬೆರಾ ದ್ರಾಕ್ಷಿ ಅಂದ್ರೆ ನನಗೀಗ ಬರೀ ಹುಳಿ. ನೆಬ್ಬಿಯೋಲೊ ಬರೀ ಒಗರು. ಮಿಕ್ಕಿದ್ದನ್ನ ನೆನಪಿನಿಂದ ಹೇಳ್ತೀನಿ."

ಮೂಗಿನಿಂದಲೇ ಅನ್ನ ಸಂಪಾದಿಸಿದವಳು ನಾನು; ಅವರು ಕಳೆದುಕೊಂಡದ್ದು ಏನೆಂದು ಆ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಹೆಚ್ಚು ಮಂದಿ ಇರಲಾರರು. "ಮುಂದಿನ ವಾರದ ಬಾಟಲಿ ನಾನು ಮೊದಲೇ ಮೂಸಿ ನೋಡ್ಲಾ?" ಎಂದು ಕೇಳಿದೆ.

ಹಾಗೆ ಶನಿವಾರದ ಬೆಳಗುಗಳು ಶುರುವಾದವು. ಅವರು ಒಂಟಿಯಾಗಿದ್ದರು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಬಂದರಿನ ಕಡೆಗೆ ಕಿಟಕಿ ಇದ್ದ ಸಣ್ಣ ಮನೆ. ಕೆಲವು ಬೆಳಗು ಸಮುದ್ರದಿಂದೆದ್ದ ಮಂಜು ಕಿಟಕಿಗೆ ಒರಗಿ ನಿಂತಿರುತ್ತಿತ್ತು, ಹಡಗಿನ ಸದ್ದು ಮಾತ್ರ ಕೇಳುತ್ತಿತ್ತು. ಅವರು ಬಿರಡೆ ತೆಗೆಯುವರು, ನಾನು ಮೂಸುವೆ. ತೊಂದರೆಯೆಂದರೆ ನನಗೆ ಸ್ವೀಡಿಷಿನಲ್ಲಿ ಹಣ್ಣುಗಳ ಹೆಸರೇ ಬರುತ್ತಿರಲಿಲ್ಲ.

"ನಮ್ಮ ಕಡೆ ಒಂದು ಹಣ್ಣಿದೆ, ನೇರಳೆ ಅಂತ," ಎಂದೆ ಒಳ್ಳೆಯ ದೊಲ್ಚೆತ್ತೊ ಮೂಸಿದ ದಿನ.

"ಎಷ್ಟು ದೊಡ್ಡದು? ತಿಂದರೆ ನಾಲಿಗೆ ಏನಾಗತ್ತೆ?"

"ನೀಲಿ ಆಗತ್ತೆ. ಒಂದು ಥರ ಎಳೆದ ಹಾಗಾಗತ್ತೆ."

ಅವರು ಕಣ್ಣು ಮುಚ್ಚಿ ಆ ಕಾಣದ ಹಣ್ಣನ್ನು ಬಾಯಲ್ಲಿಟ್ಟುಕೊಂಡವರ ಹಾಗೆ ದವಡೆ ಆಡಿಸಿದರು. ಪ್ರತಿಯಾಗಿ ತಮ್ಮ ಗುಡ್ಡಗಳನ್ನು ನನಗೆ ಕೊಟ್ಟರು. ಚಳಿಗಾಲದ ಕೊನೆಗೆ ಹಿಮ ಯಾವ ಇಳಿಜಾರಿನಲ್ಲಿ ಮೊದಲು ಕರಗುತ್ತದೋ ಅಲ್ಲಿ ನೆಬ್ಬಿಯೋಲೊ ನೆಡುತ್ತಾರೆ. ಅದಕ್ಕೆ ಬಿಸಿಲು ಹೆಚ್ಚು ಬೇಕು. ಎತ್ತರದ ತಣ್ಣನೆಯ ಜಾಗ ದೊಲ್ಚೆತ್ತೊಗೆ. ಬಾರ್ಬೆರಾ ಎಲ್ಲಿ ನೆಟ್ಟರೂ ಬದುಕುತ್ತದೆ, ಮನೆಮಂದಿಯ ದಿನದ ಊಟಕ್ಕೆ ಅದೇ. ಮೊಸ್ಕಾತೊ ಬೇಸಿಗೆ ಮುಗಿಯುವಾಗಲೇ ಕೊಯ್ಲಿಗೆ ಬರುತ್ತದೆ. ಎಲ್ಲ ಕೊಯ್ದಾದ ಮೇಲೆ, ಅಕ್ಟೋಬರಿನಲ್ಲಿ, ಕಣಿವೆಯಿಂದ ಮಂಜು ಏಳುವ ಹೊತ್ತಿಗೆ ಕೊನೆಯದಾಗಿ ನೆಬ್ಬಿಯೋಲೊ. ಇಟಲಿಯಲ್ಲಿ ಮಂಜಿಗೆ ನೆಬ್ಬಿಯಾ ಎನ್ನುತ್ತಾರೆ, ದ್ರಾಕ್ಷಿಯ ಹೆಸರು ಅದರಿಂದಲೇ ಬಂತು ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ಒಮ್ಮೊಮ್ಮೆ ಆ ಅಡುಗೆಮನೆಯಲ್ಲಿ ಕೂತು ನನಗೆ ನಿಜವಾಗಿ ಆ ಸಾಲುಬಳ್ಳಿಗಳ ನಡುವೆ ನಡೆದ ಭ್ರಮೆಯಾಗುತ್ತಿತ್ತು.

ಮಧ್ಯಾಹ್ನ ತರಗತಿಯಲ್ಲಿ ಅವರು ನನ್ನ ಮಾತುಗಳನ್ನೇ ತಮ್ಮ ಪದಗಳಲ್ಲಿ ಹೇಳುತ್ತಿದ್ದರು. ನನಗೆ ಬೇಸರವಿರಲಿಲ್ಲ, ಆದರೆ ಅವರ ಮುಖದಲ್ಲಿ ದಣಿವು ಹೆಚ್ಚುತ್ತಿತ್ತು. "ಅವರಿಗೆಲ್ಲ ಹೇಳ್ಬಿಡಿ," ಎಂದೆ ಒಮ್ಮೆ.

"ಮೂಗಿಲ್ಲದ ಮೇಷ್ಟ್ರ ಹತ್ರ ಯಾರು ಬರ್ತಾರೆ?" ಎಂದು ಅವರು ಕಿಟಕಿಯತ್ತ ತಿರುಗಿದರು.

ಕಡೆಯ ತರಗತಿ ವಸಂತದಲ್ಲಿ. ನೆಬ್ಬಿಯೋಲೊದಿಂದ ಮಾಡುವ ಬರೋಲೊ, ವರ್ಷಗಟ್ಟಲೆ ಹಾಗೇ ಇಟ್ಟು ಹದವಾದ ಮೇಲೆ ಕುಡಿಯುವ ವೈನು. ಅವರು ತಮ್ಮ ಹಳ್ಳಿಯಿಂದ ಎಂದೋ ತಂದು ಜೋಪಾನವಾಗಿಟ್ಟಿದ್ದ ಬಾಟಲಿಯನ್ನೇ ತಂದಿದ್ದರು. ಬೆಳಗ್ಗೆ ಅದನ್ನು ನನ್ನಿಂದ ಮೂಸಿಸಿರಲಿಲ್ಲ. ಇದನ್ನು ಎಲ್ಲರ ಜೊತೆಗೇ ತೆಗೆಯೋಣ ಎಂದಿದ್ದರು. ಲೋಟಕ್ಕೆ ಸುರಿದಾಗ ಬಣ್ಣ ತೆಳ್ಳಗೆ, ಹಳೆಯ ಇಟ್ಟಿಗೆಯಂತೆ. ಅವರು ಮೂಗು ತಂದರು. ಲೋಟ ತಿರುಗಿಸಿ ಮತ್ತೊಮ್ಮೆ ಮೂಸಿದರು. ನಂತರ ಲೋಟ ಕೆಳಗಿಟ್ಟು, "ನನಗೆ ಏನೂ ಬರ್ತಿಲ್ಲ. ಹೋದ ವರ್ಷ ಬಿದ್ದಾಗಿಂದ ಏನೂ ಬರ್ತಿಲ್ಲ. ಇಷ್ಟು ದಿನ ಇವಳ ಮೂಗಿನಿಂದ ಪಾಠ ಮಾಡ್ದೆ," ಎಂದು ಲೋಟವನ್ನು ನನ್ನ ಕಡೆಗೆ ಸರಿಸಿದರು. "ಹೇಳು. ನಿನ್ನ ಮಾತಲ್ಲೇ ಹೇಳು."

ಲೋಟ ಎತ್ತಿದೆ. ಮೂಸಿದೆ. "ಹೊಸದಾಗಿ ಡಾಂಬರು ಹಾಕಿದ ರಸ್ತೆ," ಎಂದೆ. "ಅದರ ಮೇಲೆ ಯಾರೋ ಗುಲಾಬಿ ಬುಟ್ಟಿ ಹೊತ್ತುಕೊಂಡು ಹೋಗ್ತಿದಾರೆ. ಹೂವು ನಿನ್ನೆಯದು, ಸ್ವಲ್ಪ ಬಾಡಿದೆ. ಮಳೆ ಬಂದ ಮೇಲಿನ ಮಣ್ಣೂ ಇದೆ."

ಮುದುಕ ತಲೆ ತಗ್ಗಿಸಿ ಕೇಳುತ್ತಿದ್ದರು. "ಡಾಂಬರು ಮತ್ತು ಗುಲಾಬಿ," ಎಂದು ಪಿಸುಗುಟ್ಟಿದರು. "ಒಳ್ಳೆ ಬರೋಲೊಗೆ ಅದೇ ಗುರುತು. ಚೆನ್ನಾಗಿದೆ ಹಾಗಾದ್ರೆ. ವೈನು ಸತ್ತಿಲ್ಲ." ಅವರ ಕೆನ್ನೆ ಒದ್ದೆಯಾಗಿತ್ತು.

ಸ್ವೀಡನ್ನಿನವರು ಇಂಥ ಹೊತ್ತಿನಲ್ಲಿ ಮಾತಾಡುವುದು ಕಡಿಮೆ. ಕಾಫಿ ಹುರಿಯುವ ಕಡೆ ಕೆಲಸ ಮಾಡುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬರು ಕೊನೆಗೆ ತಮ್ಮ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, "ಇದು ಬೆಳೆದ ಇಳಿಜಾರು ಯಾವುದು? ಅದನ್ನ ಹೇಳು." ಮುದುಕ ಹೇಳತೊಡಗಿದರು. ಹೊರಗೆ ಬೆಳಕಿತ್ತು, ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಆ ದಿನ ನಾನೂ ಒಂದು ಗುಟುಕು ನುಂಗಿದೆ. ಬಾಳೆಕಾಯಿಯಂಥ ಒಗರು ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಯಿತು.

ಆ ಹೆಂಗಸೇ ಮುಂದೆ ನನ್ನನ್ನು ತಮ್ಮಲ್ಲಿ ಕಾಫಿಯ ರುಚಿ ಪರೀಕ್ಷಿಸುವ ಕೆಲಸಕ್ಕೆ ಕರೆಸಿದರು. ಶರತ್ಕಾಲದಲ್ಲಿ ಮುದುಕ ಕೊಯ್ಲಿಗೆಂದು ತಮ್ಮ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋಗಿ, ಅಲ್ಲೇ ಉಳಿದುಕೊಂಡರು. ಒಂದು ಬೆಳಗ್ಗೆ ಅಲ್ಲಿಂದ ಫೋನು ಬಂತು. ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು, ಜನ ಒಬ್ಬರನ್ನೊಬ್ಬರು ಕೂಗುತ್ತಿದ್ದರು.

"ಇವತ್ತು ಹಿಂಡಿದ ದ್ರಾಕ್ಷಿ ಸಿಪ್ಪೆ ರಾಶಿಯ ಹತ್ರ ನಿಂತಿದ್ದೆ," ಎಂದರು. "ಏನೋ ಬಂದ ಹಾಗಾಯ್ತು. ಒಂದು ಗಳಿಗೆ ಅಷ್ಟೆ. ಮೂಗೋ ನೆನಪೋ ಗೊತ್ತಾಗ್ಲಿಲ್ಲ."

"ಏನು ಬಂತು?"

"ಅದನ್ನ ಹೇಳೋಕೆ ನೀನಿಲ್ಲಿ ಇರ್ಬೇಕಿತ್ತು," ಎಂದರು. ಆಮೇಲೆ ಯಾರೋ ಕರೆದರು, ಬುಟ್ಟಿ ಹಿಡಿಯಬೇಕು ಎಂದು ಫೋನು ಇಟ್ಟರು.